ಇಜ್ ಅಪ್ಪ, ಯುರಾಲ್ ಮಾವ

ನನ್ನ ಮಗಳು ಅಕ್‌ಮಾರಾಲ್ ಒಂದೂವರೆ ವರ್ಷ ತುಂಬುತ್ತ ಬಂದರೂ ನಡೆಯದೆ ಕೂತಿದ್ದಳು. ಅದಕ್ಕೆ ಕಾರಣ ಅವಳ ಕಾಲಲ್ಲ, ಎರಡು ಮೋಟಾರ್‌ಸೈಕಲ್ಲು. ಹೀಗೆಂದರೆ ನಾರಿನ್ ಪೇಟೆಯ ಡಾಕ್ಟರಮ್ಮ ನಗುತ್ತಾರೆ, ನಗಲಿ. ಕಾಲು ಗಟ್ಟಿಯಾಗಿದೆ, ಬೆನ್ನು ನೆಟ್ಟಗಿದೆ, ಕೆಲವು ಮಕ್ಕಳು ನಿಧಾನ ಅಷ್ಟೇ ಎಂದು ಅವರು ಹೇಳಿ ಕಳಿಸಿದ್ದರು. ನಮ್ಮೂರಿನ ಹೆಂಗಸರನ್ನು ಕೇಳಿದರೆ ಮಾತು ಬೇರೆ. ತುಶೂ ಕತ್ತರಿಸದೆ ಮಗು ಹೇಗಮ್ಮ ನಡೆಯುತ್ತೆ ಎಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು, ನಾನೇ ಬೇಡ ಅಂದವಳ ಹಾಗೆ.

ಮೇಯಲು ಬಿಟ್ಟ ಕುದುರೆ ದೂರ ಹೋಗದಿರಲೆಂದು ಮುಂಗಾಲಿಗೆ ಕಟ್ಟುವ ಹಗ್ಗವೇ ತುಶೂ. ಹುಟ್ಟಿದ ಮಗುವಿನ ಕಾಲಿಗೂ ಕಣ್ಣಿಗೆ ಕಾಣದ ಅಂಥದೊಂದು ಕಟ್ಟು ಇರುತ್ತದೆ. ಮಗು ಎದ್ದು ನಿಲ್ಲುವ ಕಾಲಕ್ಕೆ ನೆಂಟರಿಷ್ಟರನ್ನು ಕರೆದು, ಕಪ್ಪು ಬಿಳಿ ಉಣ್ಣೆ ಸೇರಿಸಿ ಹೊಸೆದ ದಾರವನ್ನು ಅದರ ಕಾಲಿಗೆ ಸುತ್ತುತ್ತೇವೆ. ದೂರದಿಂದ ಓಟ ಬಿಡುತ್ತೇವೆ. ಮೊದಲು ಬಂದು ಮುಟ್ಟಿದವರ ಕೈಗೆ ಚಾಕು. ಅವರು ದಾರ ಕತ್ತರಿಸಿದರೆ ಅವರ ನಡಿಗೆ, ಅವರ ಗುಣ ಮಗುವಿಗೆ ಬರುತ್ತದೆ. ಬೇರೆ ಮನೆಗಳಲ್ಲಿ ಇದು ಅರ್ಧ ದಿನದಲ್ಲಿ ಮುಗಿಯುವ ಸಂಭ್ರಮ. ನಮ್ಮ ಮನೆಯಲ್ಲಿ ಮಾತ್ರ ಇಬ್ಬರು ಅಜ್ಜಂದಿರೂ ತಾವೇ ಕತ್ತರಿಸಬೇಕೆಂದು ಪಟ್ಟು ಹಿಡಿದು ಕೂತರು.

ನನ್ನ ಮಾವ ಒಮುರ್ಜಾಕ್ ಯುರಾಲ್ ಮೋಟಾರ್‌ಸೈಕಲ್ಲಿನ ಪಕ್ಷ. ಅವರದು ಹಸಿರು ಬಣ್ಣದ, ಎರಡು ಪಕ್ಕಕ್ಕೂ ಸಿಲಿಂಡರ್ ಚಾಚಿಕೊಂಡ ಗಾಡಿ. ಪಕ್ಕದ ಸೈಡ್‌ಕಾರಿನಲ್ಲಿ ಬೆಟ್ಟದ ಮೇಲಿನ ಕುರಿಮಂದೆಗಳಿಗೆ ಉಪ್ಪಿನ ಮೂಟೆ ಸಾಗಿಸುತ್ತ ಆಯುಸ್ಸು ಕಳೆದವರು ಅವರು. ನನ್ನ ಅಪ್ಪ ತುರ್ದಾಕುನ್ ಹೊಳೆಯಾಚೆಯ ಅಕ್-ಜಾರ್ ಊರಿನವನು, ಇಜ್ ಪಕ್ಷ. ಅವನದು ಕೆಂಪು ಗಾಡಿ, ಅದಕ್ಕೂ ಸೈಡ್‌ಕಾರು, ಅದರಲ್ಲಿ ಹಾಲಿನ ಕ್ಯಾನು. ಎರಡೂ ಹಳೆಯ ಸರ್ಕಾರ ಇದ್ದಾಗ ಕೊಂಡದ್ದು. ಸರ್ಕಾರ ಹೋಯಿತು, ಗಾಡಿಗಳು ಉಳಿದವು, ಜಗಳವೂ ಉಳಿಯಿತು. ನಮ್ಮ ಕಣಿವೆಯ ಚಹಾದಂಗಡಿಯಲ್ಲಿ ಇವತ್ತಿಗೂ ಯುರಾಲ್‌ನವರು ಒಂದು ಗೋಡೆಗೆ ಒರಗಿ ಕೂರುತ್ತಾರೆ, ಇಜ್‌ನವರು ಎದುರು ಗೋಡೆಗೆ. ನಡುವಿನ ಮೇಜಿನಲ್ಲಿ ಯಾರೂ ಕೂರುವುದಿಲ್ಲ.

ಅಪ್ಪನ ಗಾಡಿ ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಯುವ ಜಾತಿಯದು. ಹೋದಲ್ಲೆಲ್ಲ ನೀಲಿ ಹೊಗೆ ಬಿಡುತ್ತದೆ. ಹೊಳೆಯಾಚೆ ಹೊಗೆ ಕಂಡರೆ ಸಾಕು, ಮಾವ ಅಂಗಳದಲ್ಲಿ ನಿಂತು, ಬೀಗರು ಚಹಾ ಕಾಯಿಸುವ ಸಮೋವಾರ್ ಹತ್ತಿಕೊಂಡು ಬರುತ್ತಿದ್ದಾರೆ, ಚಹಾಕ್ಕೆ ಬೇರೆ ನೀರಿಡುವುದೇ ಬೇಡ ಎನ್ನುತ್ತಿದ್ದರು. ಅಪ್ಪನೇನು ಕಡಿಮೆಯೇ? ಬೀಗರ ಗಾಡಿ ಎರಡು ಕಿವಿ ಅಗಲಿಸಿದ ಕತ್ತೆ, ಅದರ ಹೊಟ್ಟೆ ತುಂಬಿಸಿದ ದುಡ್ಡಲ್ಲೇ ಪೆಟ್ರೋಲ್ ಬಂಕಿನವನು ತನ್ನ ಮಕ್ಕಳನ್ನೆಲ್ಲ ಓದಿಸಿದ್ದಾನೆ ಎನ್ನುತ್ತಿದ್ದ. ಇಬ್ಬರೂ ಒಬ್ಬರಿಗೊಬ್ಬರು ‘ನೀವು’ ಎಂದೇ ಬೈದುಕೊಳ್ಳುತ್ತಿದ್ದರು. ಬೀಗತನದ ಮರ್ಯಾದೆ ಬಿಡಬಾರದಲ್ಲ.

ನನ್ನ ಮದುವೆಯ ದಿನವೇ ಇದರ ರುಚಿ ನೋಡಿದ್ದೆ. ಮಾವ ಯುರಾಲ್‌ಗೆ ರಿಬ್ಬನ್ ಕಟ್ಟಿಕೊಂಡು ಸೊಸೆಯನ್ನು ಕರೆದೊಯ್ಯಲು ಬಂದರು. ಅಪ್ಪ, ನನ್ನ ಮಗಳು ಅದರಲ್ಲಿ ಕೂರುವುದಿಲ್ಲ, ನಾನೇ ಇಜ್‌ನಲ್ಲಿ ತಂದು ಬಿಡುತ್ತೇನೆ ಎಂದ. ಮಾವ, ನನ್ನ ಮನೆಗೆ ಬರುವ ಸೊಸೆ ಹೊಗೆ ನಾತ ಹೊಡೆಯಬಾರದು ಎಂದರು. ಕೊನೆಗೆ ನಾನು ಹಾಲಿನ ಲಾರಿಯಲ್ಲಿ ಡ್ರೈವರ್ ಪಕ್ಕ ಕೂತು ಗಂಡನ ಮನೆಗೆ ಬಂದೆ. ನನ್ನ ಗಂಡ ಎರ್ಮೆಕ್ ಕುದುರೆ ಮೇಲೆ ಹಿಂದೆ ಬಂದ. ಅವನು ಎರಡೂ ಗಾಡಿ ಮುಟ್ಟದವನು, ಪಾಪದವನೆಂದು ಎರಡು ಪಕ್ಷದವರೂ ಅವನನ್ನು ಕ್ಷಮಿಸಿಬಿಟ್ಟಿದ್ದಾರೆ.

ಹಾಸ್ಯ ಮದುವೆಗೆ ಸರಿ. ಮಗುವಿನ ಕಾಲಿನ ವಿಷಯದಲ್ಲಿ ನನಗೆ ನಗು ಬರಲಿಲ್ಲ. ಮೊದಲ ಸಲ ವಸಂತದಲ್ಲಿ ತುಶೂ ಇಟ್ಟುಕೊಂಡಾಗ, ಮನೆಗೆ ಹಿರಿಯ ನಾನು, ಓಟ ಗೀಟ ಬೇಡ ಎಂದರು ಮಾವ. ಅಪ್ಪ ಚಹಾ ಬಟ್ಟಲು ಕೆಳಗಿಟ್ಟು ಗಾಡಿ ಹತ್ತಿ ಹೋದ. ಎರಡನೆಯ ಸಲ, ಕುರಿಗಳ ಉಣ್ಣೆ ಕತ್ತರಿಸುವ ಹೊತ್ತಿಗೆ, ಅಪ್ಪ ಮೊದಲೇ ಚಾಕು ಮಸೆದುಕೊಂಡು ಬಂದ. ಮಾವ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದರು. ಮಗುವಿನ ಕಾಲು ಯುರಾಲ್ ಕಡೆ ಹೋಗಬೇಕೋ ಇಜ್ ಕಡೆ ಹೋಗಬೇಕೋ ಎನ್ನುವುದೇ ಇವರ ಚಿಂತೆ. ಅಷ್ಟರಲ್ಲಿ ಓರಗೆಯ ಮಕ್ಕಳೆಲ್ಲ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದವು. ನನ್ನ ಮಗಳು ಜಮಖಾನದ ಮೇಲೆ ಕೂತು, ಬೇಕಾದದ್ದನ್ನು ಬೆರಳಲ್ಲಿ ತೋರಿಸಿ ತರಿಸಿಕೊಳ್ಳುತ್ತಿದ್ದಳು. ಗೋಡೆ ಹಿಡಿದು ನಿಲ್ಲುತ್ತಾಳೆ, ಕೈ ಬಿಡು ಎಂದರೆ ಕೂತುಬಿಡುತ್ತಾಳೆ. ಒಂದು ದಿನ ಹಿಟ್ಟು ನಾದುತ್ತ ನಾದುತ್ತ ನಾನು ಗೊಳೋ ಎಂದು ಅತ್ತುಬಿಟ್ಟೆ.

ನನ್ನ ಅಳು ಕೇಳಿ ಅತ್ತೆ ಸಬೀರಾ ಹೊರಗೆ ಹೋದರು. ಅವರು ಮಾತಾಡುವುದು ಕಡಿಮೆ, ಆಡಿದರೆ ಮಾವ ಕೂಡ ಟೋಪಿ ಸರಿಮಾಡಿಕೊಳ್ಳುತ್ತಾರೆ.

“ಗಾಡಿ ಗಾಡಿ ಅಂತ ಸಾಯ್ತೀರಲ್ಲ, ಗಾಡೀಲೇ ಓಡಿ. ಮೇಲಿನ ಸೇತುವೆ ಸುತ್ತಿ ಯಾರು ಮೊದಲು ಅಂಗಳಕ್ಕೆ ಬರ್ತೀರೋ ಅವರಿಗೆ ಚಾಕು. ಅದಾದ್ಮೇಲೆ ಯಾರಾದ್ರೂ ತುಟಿ ಬಿಚ್ಚಿದ್ರೆ ನನ್ನ ಕೈಲಿ ಸೌಟಿರುತ್ತೆ.”

ಸುದ್ದಿ ಹೊಳೆ ದಾಟಿತು. ಚಹಾದಂಗಡಿಯ ಎರಡೂ ಗೋಡೆಯವರು ಎದ್ದು ನಿಂತರು.

ಆ ದಿನ ಬೆಳಿಗ್ಗೆ ಅಪ್ಪ ಬಂದಾಗ ಅವನ ಸೈಡ್‌ಕಾರಿನಲ್ಲಿ ಒಂದು ಟಗರು ಕೂತಿತ್ತು. ಬರಿಗೈಲಿ ಬೀಗರ ಮನೆಗೆ ಬರಲಾಗುತ್ತದೆಯೇ? ಎಣ್ಣೆ ಹಾಕಿ ಅದರ ಕೊಂಬು ಉಜ್ಜಿ, ಕೊರಳಿಗೆ ಕೆಂಪು ಪಟ್ಟಿ ಕಟ್ಟಿ ತಂದಿದ್ದ. ಅಂಗಳದ ತುಂಬ ಜನ. ಅಪ್ಪನನ್ನು ಒಳಗೆ ಕರೆದು ಮರ್ಯಾದೆಯ ಮೇಲಿನ ಜಾಗದಲ್ಲಿ ಕೂರಿಸಿ, ಎಣ್ಣೆಯಲ್ಲಿ ಕರಿದ ಬಿಸಿ ಬೋರ್ಸೋಕ್ ಸುರಿದು, ಬೆಣ್ಣೆ, ಜೇನು, ಕುದುರೆ ಹಾಲಿನ ಕುಮಿಸ್ ಇಟ್ಟೆವು. ಅಪ್ಪ ತಿನ್ನುತ್ತಿದ್ದಾಗ ಮಾವ ಹಿತ್ತಲಿಗೆ ಹೋದದ್ದು ನೋಡಿದೆ. ಏನೋ ಕೆಲಸವಿರಬೇಕೆಂದುಕೊಂಡೆ.

ಹೊರಡುವ ಹೊತ್ತಿಗೆ ಹೊಸ ತಕರಾರು ಬಂತು. ಖಾಲಿ ಸೈಡ್‌ಕಾರ್ ಇಟ್ಟುಕೊಂಡು ಜೋರಾಗಿ ಹೋದರೆ ಬಲತಿರುವಿನಲ್ಲಿ ಅದು ಗಾಳಿಗೆ ಏಳುತ್ತದೆ, ಗಾಡಿಯೇ ಮಗುಚುತ್ತದೆ. ಭಾರಕ್ಕೆ ಏನಾದರೂ ಬೇಕು. ಅಪ್ಪನಿಗೆ ಟಗರು ಇತ್ತು. ಮಾವನ ಕಣ್ಣು ಒಬ್ಬೊಬ್ಬರ ಮೇಲೂ ಹರಿದು ನನ್ನ ಮೇಲೆ ನಿಂತಿತು. ಸೊಸೆ ಈ ಮನೆಯವಳಲ್ಲವೇ, ಅವಳೇ ಕೂರಲಿ ಎಂದರು. ಅಪ್ಪ ಕೈಗವಸು ಹಾಕಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದ. ಅವನ ಮುಖ ಸಣ್ಣದಾದದ್ದು ನನಗೆ ಕಂಡಿತು. ನನಗೆ ಇಬ್ಬರ ಮೇಲೂ ಸಿಟ್ಟು. ಯಾರಾದರೂ ಗೆಲ್ಲಿ, ಬೇಗ ಮುಗಿಸಿ, ನನ್ನ ಮಗುವಿನ ಕಾಲು ಬಿಡಿಸಿ ಎಂದುಕೊಂಡು ಮಗುವನ್ನು ಅತ್ತೆಯ ಮಡಿಲಲ್ಲಿಟ್ಟು ಯುರಾಲ್‌ನ ಸೈಡ್‌ಕಾರ್ ಹತ್ತಿದೆ. ಇಜ್ ಗಾಡಿಯ ಟ್ಯಾಂಕಿನ ಮೇಲೆ ಕೂತು ಬೆಳೆದವಳು ನಾನು, ಯುರಾಲ್‌ನಲ್ಲಿ ಕೂತದ್ದು ಅದೇ ಮೊದಲು.

ಅತ್ತೆ ಸೌಟು ಎತ್ತಿ ಇಳಿಸಿದರು. ಎರಡೂ ಗಾಡಿ ಒಟ್ಟಿಗೆ ನೆಗೆದವು. ಕೋಳಿಗಳು ಬೇಲಿ ಹಾರಿದವು. ಊರು ದಾಟುವ ತನಕ ಅಪ್ಪನ ನೀಲಿ ಹೊಗೆಯನ್ನೇ ಕುಡಿಯುತ್ತ ಹೋದೆವು. ಮಾವ ಕೆಮ್ಮುತ್ತ ಬೈಯುತ್ತಿದ್ದರು, ಬೈಯುತ್ತ ನಗುತ್ತಿದ್ದರು. ಎಷ್ಟೋ ವರ್ಷ ಉಪ್ಪಿನ ಮೂಟೆ ಎಳೆದ ಮನುಷ್ಯ ಇಪ್ಪತ್ತರ ಹುಡುಗನ ಹಾಗೆ ಹ್ಯಾಂಡಲ್ ಮೇಲೆ ಬಗ್ಗಿಬಿಟ್ಟಿದ್ದರು. ನಿಜ ಹೇಳಬೇಕೆಂದರೆ ನನಗೂ ಖುಷಿಯಾಗತೊಡಗಿತು. ಕೆಳಗೆ ಹೊಳೆ, ಮೇಲೆ ಬೋಳು ಬೆಟ್ಟ, ಮುಖಕ್ಕೆ ಗಾಳಿ. ಮದುವೆಯಾದ ಮೇಲೆ ನಾನು ಅಷ್ಟು ಜೋರಾಗಿ ಎಲ್ಲಿಗೂ ಹೋಗಿರಲಿಲ್ಲ. ಮುಂದಿನ ಸೈಡ್‌ಕಾರಿನಿಂದ ಟಗರು ಹಿಂದಿರುಗಿ ನಮ್ಮನ್ನೇ ನೋಡುತ್ತಿತ್ತು.

ಏರು ಶುರುವಾಯಿತು. ನಾವು ಇನ್ನೂ ಹಿಂದೆಯೇ ಇದ್ದೆವು. ಆದರೆ ಉಸಿರಾಡುವುದು ಸುಲಭವಾಗಿತ್ತು, ಗಾಳಿ ತಿಳಿಯಾಗಿತ್ತು. ಮಾವನಿಗೂ ಅದು ಕಂಡಿತು.

“ಇವತ್ತು ನಿಮ್ಮಪ್ಪನ ಗಾಡಿಗೆ ಏನು ಮರ್ಯಾದೆ ಬಂದುಬಿಡ್ತು ನೋಡಮ್ಮಾ,” ಎಂದು ಗಾಳಿಯಲ್ಲಿ ಕೂಗಿದರು. “ಹೊಗೇನೇ ಇಲ್ಲ. ನಮ್ಮನೆ ಮೇವಿನ ಗುಣ.”

ಯಾವ ಮೇವು ಮಾವ ಎಂದು ಕೇಳಿದೆ. ಅವರು ಹೆಮ್ಮೆಯಿಂದ ಹೇಳಿದರು. ಬಾಗಿಲಿಗೆ ಬಂದ ನೆಂಟನ ಕುದುರೆಗೆ ಅವನು ಕೇಳುವ ಮೊದಲೇ ಮೇವು ಹಾಕಬೇಕಾದದ್ದು ಮನೆಯವನ ಧರ್ಮ. ಬೀಗರು ಚಹಾ ಕುಡಿಯುತ್ತಿದ್ದಾಗ ಅವರ ಟ್ಯಾಂಕನ್ನು ಕತ್ತಿನವರೆಗೂ ತುಂಬಿಸಿದ್ದರಂತೆ. ಸೋತರೂ ಗೆದ್ದರೂ, ಒಮುರ್ಜಾಕನ ಅಂಗಳದಿಂದ ಹಸಿದ ಗಾಡಿ ಹೊರಟಿತು ಎಂದು ಯಾರೂ ಅನ್ನಬಾರದು ಎಂದರು.

“ಎಣ್ಣೆ ಬೆರೆಸಿದ್ರಾ ಮಾವ?”

ಮಾವ ತಿರುಗಿ ನನ್ನ ಮುಖ ನೋಡಿದರು. ಎಣ್ಣೆ ಅವರ ನೆನಪಿಗೇ ಬಂದಿರಲಿಲ್ಲ. ಬಾಳಿನುದ್ದಕ್ಕೂ ಒಂದೇ ಟ್ಯಾಂಕು ತುಂಬಿಸಿದ ಕೈ ಅದು. ಯುರಾಲ್‌ಗೆ ಪೆಟ್ರೋಲು ಬೇರೆ, ಎಣ್ಣೆ ಬೇರೆ. ಇಜ್‌ನ ಪಿಸ್ಟನ್‌ಗೆ ಪೆಟ್ರೋಲಿನ ಜೊತೆ ಹೋದ ಎಣ್ಣೆಯೇ ಗತಿ. ಅದಿಲ್ಲದೆ ಏರಿನಲ್ಲಿ ಹೀಗೆ ಎಳೆದರೆ ಕಾದು ಕಾದು ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಸೀಜ್ ಆಗುತ್ತದೆ. ಓಡುತ್ತಿರುವಾಗ ಆದರೆ ಹಿಂದಿನ ಚಕ್ರ ಗಪ್ಪನೆ ಹಿಡಿದುಕೊಳ್ಳುತ್ತದೆ. ನಮ್ಮ ಆ ದಾರಿಯಲ್ಲಿ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಹೊಳೆಯ ಪ್ರಪಾತ. ಹಳೆಯ ಬೆರಕೆ ಸ್ವಲ್ಪ ಟ್ಯಾಂಕಿನಲ್ಲಿ ಉಳಿದಿದ್ದಕ್ಕೆ ಇಲ್ಲಿಯತನಕ ಬಂದಿದೆ. ಚಿಕ್ಕವಳಿದ್ದಾಗ ಅಪ್ಪನಿಗೆ ಎಣ್ಣೆ ಅಳೆದುಕೊಡುತ್ತಿದ್ದವಳು ನಾನು, ನನಗೆ ಹೇಳಿಕೊಡಬೇಕೇ?

“ಹಿಡೀರಿ ಮಾವ, ಅವನನ್ನ ಹಿಡೀರಿ,” ಎಂದೆ.

ಮಾವ ಹಿಡಿಯಲು ಹೋದರು. ಪಕ್ಕದಲ್ಲಿ ಚಾಚಿಕೊಂಡ ಎರಡು ಸಿಲಿಂಡರೂ ಗುಡುಗಿದವು. ನಾನು ಸೈಡ್‌ಕಾರಿನಲ್ಲಿ ಎದ್ದು ನಿಂತು, ಒಂದು ಕೈಲಿ ಹಿಡಿಕೆ ಹಿಡಿದು, ಇನ್ನೊಂದು ಕೈಲಿ ತಲೆಯ ಬಟ್ಟೆ ಬಿಚ್ಚಿ ಬೀಸಿದೆ. ಅಪ್ಪ, ನಿಲ್ಲು ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಹತ್ತಿರವಾದೆವು. ಅಪ್ಪ ಒಮ್ಮೆ ಹಿಂದಿರುಗಿ ನೋಡಿದ. ಅವನ ಕಣ್ಣಿಗೆ ಏನು ಕಂಡಿರಬೇಕು ಹೇಳಿ. ಹೆತ್ತ ಮಗಳು ಯುರಾಲ್‌ನಲ್ಲಿ ನಿಂತು, ತಲೆಬಟ್ಟೆ ಬೀಸಿ, ಬೀಗರನ್ನು ಹುರಿದುಂಬಿಸುತ್ತಿದ್ದಾಳೆ. ಮುಖ ತಿರುಗಿಸಿಕೊಂಡು ಅವನು ಇನ್ನಷ್ಟು ರೇಸ್ ಕೊಟ್ಟ. ಮಾವ ಹಾರ್ನ್ ಒತ್ತಿ ಹಿಡಿದರು. ಅಪ್ಪ ಅಣಕಿಸುವುದಕ್ಕೆಂದು ತಾನೂ ಹಾರ್ನ್ ಹೊಡೆದ. ನಾವು ಓಡಿಸಿದಷ್ಟೂ ಅವನು ಓಡಿದ. ಅವನ ಗಾಡಿಯ ದನಿ ತೆಳ್ಳಗಾಗುತ್ತಿತ್ತು, ಗಂಟಲು ಒಣಗಿದವರು ಮಾತಾಡಿದ ಹಾಗೆ. ಅದು ನನಗೆ ಕೇಳುತ್ತಿತ್ತು, ಅವನಿಗೆ ಗೆಲುವಿನ ಅಮಲಿನಲ್ಲಿ ಕೇಳುತ್ತಿರಲಿಲ್ಲ.

ಇದ್ದಕ್ಕಿದ್ದ ಹಾಗೆ ಮಾವ ಬ್ರೇಕ್ ಹಾಕಿದರು. ಗಾಡಿ ಬದಿಗೆ ಬಂದು ನಿಂತಿತು. ಕೀ ತಿರುಗಿಸಿ ಎಂಜಿನ್ ಆರಿಸಿಬಿಟ್ಟರು. ಅಪ್ಪ ತಿರುವು ದಾಟಿ ಕಣ್ಮರೆಯಾದ.

ನಾನು ಸೊಸೆತನ ಮರೆತೆ. ಏನು ಮಾಡ್ತಿದ್ದೀರಿ, ನನ್ನಪ್ಪ ಸಾಯ್ತಾನೆ, ಗಾಡಿ ಬಿಡಿ ಎಂದು ಅವರ ತೋಳು ಹಿಡಿದು ಎಳೆದೆ. ಮಾವ ಕೈಗವಸು ಬಿಚ್ಚಿ ಟ್ಯಾಂಕಿನ ಮೇಲಿಟ್ಟರು.

“ಅಟ್ಟಿಸ್ಕೊಂಡು ಹೋದ್ರೆ ಅವರು ನಿಲ್ಲಲ್ಲ ಕಣಮ್ಮಾ, ನಾನಾಗಿದ್ರೂ ನಿಲ್ತಿರ್ಲಿಲ್ಲ. ಆದ್ರೆ ನಿಂತ ಗಾಡೀನ ದಾರೀಲಿ ಬಿಟ್ಟು ತುರ್ದಾಕುನ್ ಮುಂದೆ ಹೋಗಲ್ಲ. ಹಿಂದೆ ನನ್ನ ಸದ್ದು ಕೇಳಿಸ್ಲಿಲ್ಲ ಅಂದ್ರೆ ವಾಪಸ್ ಬರ್ತಾರೆ.”

ನಮ್ಮ ಕಣಿವೆಯ ರೂಢಿ ಅದು. ಕೆಟ್ಟು ನಿಂತ ಗಾಡಿ ಕಂಡರೆ ಯಾವ ಪಕ್ಷದವನೇ ಆಗಲಿ ಇಳಿಯಲೇಬೇಕು, ಮದುವೆಗೆ ಹೊರಟಿದ್ದರೂ ಸರಿ, ಸಾವಿಗೆ ಹೊರಟಿದ್ದರೂ ಸರಿ. ಇಲ್ಲಿ ದಾರಿಯಲ್ಲಿ ಇರುಳಾದರೆ ಬೇಸಿಗೆಯಲ್ಲೂ ಚಳಿ ಕೊಲ್ಲುತ್ತದೆ. ಆದರೂ ನನಗೆ ನಂಬಿಕೆ ಬರಲಿಲ್ಲ. ಇವತ್ತು ಮಾಮೂಲಿ ದಿನವಲ್ಲ. ಎರಡು ಊರು ಕಾಯುತ್ತಿವೆ, ಮೊಮ್ಮಗಳು ಕಾಯುತ್ತಿದ್ದಾಳೆ, ಸೇತುವೆ ಆ ತಿರುವಿನಾಚೆಯೇ ಇದೆ. ಗೆಲುವು ಕೈಗೆ ಬಂದಾಗ ಹಿಂದಿನವರ ಸದ್ದು ನಿಂತರೆ ಯಾರಾದರೂ ಖುಷಿಪಡುತ್ತಾರೆ, ತಿರುಗಿ ಬರುತ್ತಾರೆಯೇ? ಹೀಗೆ ಯೋಚಿಸುತ್ತಿದ್ದವಳು ಅವನ ಮಗಳು, ಇಲ್ಲ ಬರುತ್ತಾರೆ ಎನ್ನುತ್ತಿದ್ದವರು ಅವನ ವೈರಿ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಿವಿಗೊಟ್ಟು ನಿಂತೆವು. ಇಜ್‌ನ ಸದ್ದು ದೂರವಾಯಿತು. ಮತ್ತೂ ದೂರವಾಯಿತು. ಆಮೇಲೆ ಹೊಳೆಯ ಸದ್ದು ಬಿಟ್ಟು ಏನೂ ಇಲ್ಲ. ನಾನು ಅಲ್ಲಾಹುವಿನ ಹೆಸರು, ತೀರಿಹೋದ ಅಜ್ಜಿಯ ಹೆಸರು, ನೆನಪಿಗೆ ಬಂದ ಎಲ್ಲರ ಹೆಸರೂ ಹೇಳಿಕೊಂಡೆ. ಮಾವ ಟೋಪಿ ತೆಗೆದು ಕೈಲಿ ಹಿಡಿದಿದ್ದರು.

ತೆಳ್ಳಗೆ ಒಂದು ಸದ್ದು ಬಂತು. ಮೊದಲು ನನ್ನ ಭ್ರಮೆ ಎಂದುಕೊಂಡೆ. ಅಲ್ಲ, ಬರುತ್ತಿತ್ತು, ಇಳಿಜಾರಿನಲ್ಲಿ ಬರುತ್ತಿತ್ತು. ತಿರುವಿನಲ್ಲಿ ಮೊದಲು ಟಗರಿನ ಕೊಂಬು ಕಂಡಿತು, ಆಮೇಲೆ ಕೆಂಪು ಟ್ಯಾಂಕು, ಆಮೇಲೆ ಅಪ್ಪ.

ಗಾಡಿ ನಿಲ್ಲಿಸುವ ಮೊದಲೇ ಅವನು ಸೀಟಿನ ಕೆಳಗಿನ ಸ್ಪ್ಯಾನರ್ ಚೀಲಕ್ಕೆ ಕೈ ಹಾಕಿದ್ದ. ಓಟದ ಮಾತೇ ಇಲ್ಲ. ಏನಾಯ್ತು ಬೀಗರೇ, ಪ್ಲಗ್ಗಾ, ಮಗಳಿಗೆ ಪೆಟ್ಟಾಯ್ತಾ ಎಂದು ಒಂದೇ ಉಸಿರಿಗೆ ಕೇಳಿದ. ನಾನು ಉತ್ತರ ಕೊಡದೆ ಓಡಿಹೋಗಿ ಅವನ ಗಾಡಿಯ ಕೀ ತಿರುಗಿಸಿ ಆರಿಸಿದೆ. ಕಿತ್ತು ಕೈಲಿಟ್ಟುಕೊಂಡೆ.

ಮಾವ ಹೇಳಿದರು. ಸುತ್ತಿ ಬಳಸಿ ಹೇಳಲಿಲ್ಲ. ನನ್ನ ಗಾಡಿಗೆ ಏನೂ ಆಗಿಲ್ಲ, ನಿಮ್ಮದರ ಟ್ಯಾಂಕಿಗೆ ನಾನು ಬರೀ ಪೆಟ್ರೋಲ್ ತುಂಬಿಸಿದ್ದೇನೆ, ಎಣ್ಣೆ ಹಾಕಲು ಮರೆತೆ, ಏನು ಬೈದರೂ ಕೇಳುತ್ತೇನೆ ಎಂದರು. ಅಪ್ಪ ಬಗ್ಗಿ ಸಿಲಿಂಡರ್ ಹತ್ತಿರ ಅಂಗೈ ಒಯ್ದು, ಮುಟ್ಟಲಾಗದೆ ಹಿಂದಕ್ಕೆಳೆದುಕೊಂಡ. ಪ್ಲಗ್ ಬಿಚ್ಚಿ ಉಗುರಿನಿಂದ ಕೆರೆದು ನೋಡಿದ. ಕಿಕ್ಕನ್ನು ಕೈಯಿಂದಲೇ ಮೆಲ್ಲಗೆ ಒತ್ತಿದ, ಮಲಗಿದ ಮಗುವನ್ನು ಎಬ್ಬಿಸುವವನ ಹಾಗೆ. ಅದು ಇಳಿಯಿತು. ಮತ್ತೆ ಒತ್ತಿದ, ಮತ್ತೆ ಇಳಿಯಿತು.

“ಬದುಕಿದೆ,” ಎಂದ. ಆಮೇಲೆ ನೆಟ್ಟಗೆ ನಿಂತು ಮಾವನನ್ನು ನೋಡಿದ. ಅವನ ಕುತ್ತಿಗೆ ಕೆಂಪಾಗಿತ್ತು. “ನನ್ನ ಗಾಡಿ ಟ್ಯಾಂಕು ನೀವ್ಯಾಕ್ರೀ ಮುಟ್ಟಿದ್ರಿ?”

“ನಮ್ಮನೆ ಬಾಗಿಲಿಗೆ ಬಂದ ಕುದುರೆ ಹಸ್ಕೊಂಡು ನಿಂತಿರೋದಾ ಬೀಗರೇ?” ಎಂದರು ಮಾವ. ದೊಡ್ಡ ಮನುಷ್ಯ, ತಪ್ಪು ಮಾಡಿದವರ ಹಾಗೆ ಟೋಪಿ ತಿರುಚುತ್ತ ನಿಂತಿದ್ದರು.

ಅಪ್ಪ ಹೊಡೆದುಬಿಡುತ್ತಾನೆ ಎಂದುಕೊಂಡೆ. ಅವನ ಮೀಸೆ ಅಲುಗಿತು. ಭುಜ ಅಲುಗಿತು. ಹೊಟ್ಟೆ ಹಿಡಿದುಕೊಂಡು ದಾರಿಯಂಚಿನ ಕಲ್ಲಿನ ಮೇಲೆ ಕೂತು ನಗತೊಡಗಿದ. ಕುದುರೆಗೆ ಕುರಿಮಾಂಸ ತಿನ್ನಿಸಿಬಿಟ್ಟರಲ್ಲ ಬೀಗರು ಎಂದು ಕಣ್ಣೊರೆಸಿಕೊಂಡ. ಮಾವ ಇನ್ನೂ ಹೆದರಿ ನೋಡುತ್ತಿದ್ದರು, ಆಮೇಲೆ ಅವರೂ ಶುರು ಮಾಡಿದರು. ಇಬ್ಬರು ಮುದುಕರು ನಗುವುದನ್ನು ನೋಡಿ ನಾನೂ ಅಲ್ಲೇ ಕೂತೆ.

“ನೀನು ಅವರ ಕಡೆ ಕೂಗ್ತಿದ್ದೀಯ ಅಂದ್ಕೊಂಡೆ ಮಗಾ,” ಎಂದ ಅಪ್ಪ, ನನ್ನ ಕಡೆ ನೋಡದೆ.

“ನಿನ್ನನ್ನೇ ಕೂಗ್ತಿದ್ದೆ ಅಪ್ಪ.”

ಅವನು ತಲೆಯಾಡಿಸಿದ. ಎಂಜಿನ್ ತಣಿಯಬೇಕಿತ್ತು. ಆದರೆ ತಣಿದರೂ ಎಣ್ಣೆ ಎಲ್ಲಿಂದ ತರುವುದು? ಮಾವ ಯುರಾಲ್‌ನ ಪಕ್ಕ ಅಂಗಾತ ಮಲಗಿ, ಎಂಜಿನ್ ಅಡಿಯ ನಟ್ಟು ಸಡಿಲಿಸಿದರು. ಸೈಡ್‌ಕಾರಿನಲ್ಲಿ ಬಿದ್ದಿದ್ದ, ಕುಮಿಸ್ ಕುಡಿಯುವ ತಗಡಿನ ಲೋಟವನ್ನು ನನ್ನ ಕೈಗೆ ಕೊಟ್ಟು ಹಿಡಿ ಎಂದರು. ಯುರಾಲ್‌ನ ಹೊಟ್ಟೆಯಿಂದ ಬಿಸಿಬಿಸಿ ಕಪ್ಪು ಎಣ್ಣೆ ಸುರಿಯಿತು. ಲೋಟ ತುಂಬಿ ನಟ್ಟು ಬಿಗಿಯುವಷ್ಟರಲ್ಲಿ ಅವರ ಬೆರಳು, ತೋಳು, ಹಬ್ಬದ ಅಂಗಿಯ ತೋಳಂಚು ಎಲ್ಲ ಕಪ್ಪಾಗಿದ್ದವು. ಅಪ್ಪ ಲೋಟ ಇಸಿದುಕೊಂಡು ಮೂಸಿ ನೋಡಿ, ವೈದ್ಯರ ಕಹಿ ಮದ್ದು ಕಂಡವನ ಹಾಗೆ ಮುಖ ಮಾಡಿದ. ಯುರಾಲ್ ಎಣ್ಣೆ ನನ್ನ ಗಾಡಿಯೊಳಗೆ ಹೋಯಿತೆಂದು ಅಕ್-ಜಾರ್‌ನಲ್ಲಿ ಯಾರಿಗಾದರೂ ಗೊತ್ತಾದರೆ ನಾನು ಊರು ಬಿಡಬೇಕು, ಬಾಯಿ ಬಿಡಬೇಡ ಎಂದು ನನಗೆ ಹೇಳಿದ. ನಾನು ಅದನ್ನು ಆವತ್ತಿನಿಂದ ಎಲ್ಲರಿಗೂ ಹೇಳುತ್ತಲೇ ಇದ್ದೇನೆ. ಎಣ್ಣೆ ಸುರಿದು, ಮುಚ್ಚಳ ಬಿಗಿದು, ಒಂದು ಕಡೆ ಮಾವ, ಇನ್ನೊಂದು ಕಡೆ ಅಪ್ಪ ಗಾಡಿ ಹಿಡಿದು ಚೆನ್ನಾಗಿ ಅಲುಗಾಡಿಸಿದರು. ಟಗರು ಬೇಸತ್ತು ಇಳಿದು ಹುಲ್ಲು ಮೇಯುತ್ತಿತ್ತು.

ಕಿಕ್ ಹೊಡೆದಾಗ ಇಜ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ದಟ್ಟವಾದ ನೀಲಿ ಹೊಗೆ ಉಗುಳಿತು. ಮಾವ ಆ ಹೊಗೆಯಲ್ಲಿ ನಿಂತು, ಸಂತೆಯಲ್ಲಿ ಕಳೆದುಹೋದ ಮಗ ಸಿಕ್ಕವರ ಹಾಗೆ ಬಾಯ್ತುಂಬ ನಕ್ಕರು.

ಸೇತುವೆಯನ್ನು ಯಾರೂ ಸುತ್ತಲಿಲ್ಲ. ಇಬ್ಬರೂ ಅಲ್ಲಿಂದಲೇ ತಿರುಗಿಸಿದರು. ನಾನು ಬೇಕೆಂದೇ ಯುರಾಲ್‌ನ ಸೈಡ್‌ಕಾರಿನಲ್ಲೇ ಕೂತೆ, ಈ ಸಲ ಅಪ್ಪನ ಮುಖ ಸಣ್ಣದಾಗಲಿಲ್ಲ. ಅಕ್ಕಪಕ್ಕದಲ್ಲಿ ನಿಧಾನಕ್ಕೆ ಬಂದರು, ಇಜ್ ಇನ್ನೂ ಬಳಲಿತ್ತಲ್ಲ. ದಾರಿಯುದ್ದಕ್ಕೂ ಅಂಜೂರದ ಗಾತ್ರದ ಹೊಂಡ ಕಂಡರೂ ನೋಡಿಕೊಳ್ಳಿ ಬೀಗರೇ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನನಗೆ ಕಣ್ಣು ಮಂಜಾಗುವಷ್ಟು ಸಂತೋಷವಾಗಿತ್ತು.

ಅಂಗಳದ ಗೇಟು ಕಾಣುವ ತನಕ ಅಷ್ಟೇ ಆ ಸಂತೋಷ. ಒಳಗೆ ಜನ ಎದ್ದು ನಿಂತು ಕೇಕೆ ಹಾಕುತ್ತಿದ್ದರು. ಅಂಗಳದ ನಡುವೆ ಬಿಳಿ ಕಂಬಳಿಯ ಮೇಲೆ ಅತ್ತೆ ಅಕ್‌ಮಾರಾಲ್‌ಳನ್ನು ಕಂಕುಳಿಗೆ ಕೈಕೊಟ್ಟು ನಿಲ್ಲಿಸಿದ್ದರು. ಅವಳ ಕಾಲಿಗೆ ಕಪ್ಪು ಬಿಳಿ ದಾರ ಸುತ್ತಿತ್ತು. ಗೇಟಿನ ಮುಂದೆ ಬಂದ ಎರಡೂ ಗಾಡಿಗಳು ನಿಂತೇ ಬಿಟ್ಟವು. ಮೊದಲು ನೀವು ನಡೀರಿ, ತಿರುಗಿ ಬಂದೋರು ನೀವು, ಗೆಲುವು ನಿಮ್ಮದು ಎಂದರು ಮಾವ. ಉಂಟೇ, ನೀವು ನಿಲ್ಲದೆ ಇದ್ದಿದ್ದರೆ ನಾನು ಹೊಳೆಯಲ್ಲಿರುತ್ತಿದ್ದೆ, ನೀವೇ ನಡೀರಿ ಎಂದ ಅಪ್ಪ. ಮಾವ ಇಲ್ಲವೇ ಇಲ್ಲ ಎಂದರು. ಅಪ್ಪ ತಾನೂ ಇಲ್ಲವೇ ಇಲ್ಲ ಎಂದ. ದನಿ ಏರಿತು. ನನ್ನ ಮಾತಿಗೆ ಬೆಲೆ ಇಲ್ಲವೇ ಎಂದರು ಇವರು. ನನ್ನನ್ನು ಸಣ್ಣವನು ಮಾಡುತ್ತೀರಾ ಎಂದ ಅವನು. ಇಷ್ಟು ದಿನ ನಾನೇ ಮೊದಲು ಎಂದು ಜಗಳ, ಈಗ ನೀವೇ ಮೊದಲು ಎಂದು ಜಗಳ. ಮಾವ ಎಂಜಿನ್ ಆರಿಸಿ ಕೈ ಕಟ್ಟಿಕೊಂಡರು. ಅಪ್ಪನೂ ಆರಿಸಿದ. ಮೂರನೆಯ ಸಲವೂ ತುಶೂ ಮುಂದೆ ಹೋಗುವುದು ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು.

ಸಾಕಾಯಿತು ನನಗೆ. ಸೈಡ್‌ಕಾರಿನಿಂದ ನೆಗೆದೆ. ಬೂಟು ಜಾರುತ್ತಿತ್ತು, ಅದನ್ನು ಅಲ್ಲೇ ಒದ್ದುಬಿಟ್ಟೆ. ಲಂಗ ಎತ್ತಿ ಹಿಡಿದು, ತಲೆಯ ಮೇಲೆ ಬಟ್ಟೆಯಿಲ್ಲದೆ, ಎರಡು ಊರಿನ ಗಂಡಸರ ನಡುವೆ ಓಡಿದೆ. ಯಾರೋ ನನ್ನ ಹೆಸರು ಹಿಡಿದು, ಜಿಪಾರ್, ಏಯ್ ಜಿಪಾರ್ ಎಂದರು. ಎರ್ಮೆಕ್ ಮಾತ್ರ ದಾರಿ ಬಿಡಿ, ದಾರಿ ಬಿಡಿ ಎಂದು ಜನರನ್ನು ಸರಿಸುತ್ತಿದ್ದ, ಆ ಒಂದು ಕೆಲಸಕ್ಕೆ ಅವನ ಸಾವಿರ ತಪ್ಪು ಮಾಫಿ. ಅತ್ತೆಯ ಮುಂದೆ ಹೋಗಿ ನಿಂತು ಕೈ ಚಾಚಿದೆ.

ಮೊದಲು ಬಂದೋರಿಗೆ ಚಾಕು ಎಂದಿದ್ದವರು ಅವರೇ. ತಾಯಿ ಕತ್ತರಿಸಬಾರದೆಂದು ಯಾರೂ ಹೇಳಿರಲಿಲ್ಲ. ತಾಯಿ ಓಡುತ್ತಾಳೆಂದು ಯಾರಿಗೂ ಹೊಳೆದಿರಲಿಲ್ಲ. ಅತ್ತೆ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಚಾಕು ಕೊಟ್ಟರು. ಮಂಡಿಯೂರಿ ಕೂತು ದಾರ ಕತ್ತರಿಸಿದೆ. ಅದು ಕಂಬಳಿಯ ಮೇಲೆ ಬಿತ್ತು.

ಆಗ ಬಂದರು ಇಬ್ಬರೂ ಓಡಿಕೊಂಡು, ಏದುಸಿರು ಬಿಡುತ್ತ, ಪಶ್ಚಾತ್ತಾಪ ಪಡುತ್ತ. ಕಟ್ಟು ಕತ್ತರಿಸಿದ ಮಗುವಿನ ಕೈ ಹಿಡಿದು ನಡೆಸುವುದಾದರೂ ನಮಗಿರಲಿ ಎಂದರು. ಒಂದು ಕೈ ಮಾವ, ಒಂದು ಕೈ ಅಪ್ಪ ಹಿಡಿದರು. ಇಬ್ಬರ ಬೆರಳಿಗೂ ಅದೇ ಕಪ್ಪು ಎಣ್ಣೆ. ಮಗುವಿನ ಬಿಳಿ ತೋಳಿನ ಮೇಲೆ ಎರಡು ಕಡೆಯೂ ಅಚ್ಚು ಬಿತ್ತು. ಬಾ ಪುಟ್ಟಿ, ಬಾ ಬಂಗಾರ ಎಂದು ಎಳೆದರು. ಅಕ್‌ಮಾರಾಲ್ ಹೆಜ್ಜೆ ಇಡಲಿಲ್ಲ. ಈ ಕೈ ನೋಡಿದಳು, ಆ ಕೈ ನೋಡಿದಳು. ಈಗ ಕೂತುಬಿಡುತ್ತಾಳೆ ಎಂದುಕೊಂಡೆ.

ಅವಳು ಎರಡೂ ಕೈ ಕೊಸರಿ ಬಿಡಿಸಿಕೊಂಡಳು. ಹೊಟ್ಟೆ ಮುಂದೆ ಮಾಡಿ, ತೋಳು ಅಗಲಿಸಿ, ಬರಿಗಾಲಲ್ಲಿ ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. ಯಾರ ಕಡೆಗೂ ನೋಡದೆ ಕಂಬಳಿಯ ಅಂಚಿನವರೆಗೂ ನಡೆದು, ಅಲ್ಲಿ ಧೊಪ್ಪೆಂದು ಕೂತಳು. ನಾನು ಜೋರಾಗಿ ಅತ್ತುಬಿಟ್ಟೆ, ಯಾರು ಬೇಕಾದರೂ ನೋಡಲಿ ಎಂದು. ಅತ್ತೆಯೂ ಸೌಟು ಕೆಳಗಿಟ್ಟು ಕಣ್ಣೊರೆಸಿಕೊಂಡರು.

ನೋಡಿದ್ರಾ, ಭಾರ ಎಳೆಯೋ ನಡಿಗೆ, ಪಕ್ಕಾ ಯುರಾಲ್ ಎಂದರು ಮಾವ. ಏನು ಯುರಾಲ್, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯ್ತಲ್ಲ, ಇದು ಇಜ್ ಎಂದ ಅಪ್ಪ. ನಿಮ್ಮ ಕಣ್ಣಿಗೆ ಹೊಗೆ ಹೋಗಿದೆ ಬೀಗರೇ ಎಂದರು ಇವರು. ನಿಮ್ಮ ಕಿವಿ ನಿಮ್ಮ ಗಾಡಿಯಷ್ಟೇ ಅಗಲ, ಬುದ್ಧಿ ಮಾತ್ರ ಇಲ್ಲ ಎಂದ ಅವನು. ಅಂಗಳದ ಎರಡೂ ಕಡೆಯಿಂದ ಹೋ ಎಂಬ ಕೂಗು ಎದ್ದಿತು. ಯಾರಿಗೂ ಕಾಯದೆ, ಎರಡು ಅಂಗೈ ನೆಲಕ್ಕೂರಿ, ಬೆನ್ನು ಎತ್ತಿ, ನನ್ನ ಮಗಳು ತಾನೇ ಎದ್ದು ನಿಂತು ಮತ್ತೆ ನಡೆಯತೊಡಗಿದಳು.